ಟಿಫಿನ್ ಡಬ್ಬಿಯ ಕಾನೂನು

ಶಾಲೆಗೆ ಹೋಗುವ ಮಗುವೊಂದು ಮನೆಯಲ್ಲಿದ್ದರೆ ಆ ಮನೆಯ ಹೆಂಗಸರಿಗೆ ಬೆಳಗ್ಗೆ ಗಡಿಯಾರ ನೋಡುವ ಅಗತ್ಯವೇ ಬೀಳುವುದಿಲ್ಲ. ಕುಕ್ಕರಿನ ಮೂರನೆಯ ಸೀಟಿಗೂ ಶಾಲೆಯ ವ್ಯಾನಿನ ಮೊದಲನೆಯ ಹಾರನ್ನಿಗೂ ನಡುವೆ ಸಿಗುವಷ್ಟು ಹೊತ್ತಿನಲ್ಲಿ ಜಡೆ ಹೆಣೆಯಬೇಕು, ಒಂಟಿ ಕಾಲುಚೀಲಕ್ಕೆ ಜೋಡಿ ಹುಡುಕಬೇಕು, ಡಬ್ಬಿ ಕಟ್ಟಬೇಕು. ನಮ್ಮದು ಅರಸೀಕೆರೆ, ತಿಪಟೂರು ಕಡೆಯ ತೆಂಗಿನ ಸೀಮೆಯ ಒಂದು ಊರು. ಸೊಸೆ ಪಕ್ಕದ ಊರಿನ ಬ್ಯಾಂಕಿಗೆ ಬೆಳಗಿನ ರೈಲು ಹಿಡಿದು ಹೋಗುವವಳಾದ್ದರಿಂದ ಡಬ್ಬಿ ಕಟ್ಟುವ ಇಲಾಖೆ ನನ್ನದು. ಸರ್ಕಾರಿ ಇಲಾಖೆಗಳಲ್ಲಾದರೆ ಅರವತ್ತಕ್ಕೆ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಈ ಇಲಾಖೆಯಲ್ಲಿ ಆ ಪದ್ಧತಿಯಿಲ್ಲ. ಮಗನಿಗೆ ಕಟ್ಟಿದ ಕೈ ಈಗ ಮೊಮ್ಮಗಳಿಗೆ ಕಟ್ಟುತ್ತಿದೆ.

ಇಂಥ ನನ್ನ ಇಲಾಖೆಗೆ 2024ರ ಜೂನ್ ತಿಂಗಳಲ್ಲಿ ಒಂದು ಸುತ್ತೋಲೆ ಬಂತು. ಎಂಟನೇ ಕ್ಲಾಸಿಗೆ ಕಾಲಿಟ್ಟಿದ್ದ ಮೊಮ್ಮಗಳ ಡೈರಿಯೊಳಗೆ ಮಡಿಸಿಟ್ಟ ಹಾಳೆ; ಮೇಲೆ ದಪ್ಪಕ್ಷರದಲ್ಲಿ ‘ಶಾಲಾ ಆರೋಗ್ಯ ನೀತಿ’ ಎಂದಿತ್ತು. ಒಟ್ಟು ಎಂಟು ಸಾಲು. ಸೋಮವಾರ ಚಪಾತಿ ಪಲ್ಯ, ಮಂಗಳವಾರ ಇಡ್ಲಿ, ಬುಧವಾರ ಕಾಳಿನ ಉಸಲಿ, ಗುರುವಾರ ಸೊಪ್ಪಿನ ಬಾತು, ಶುಕ್ರವಾರ ಹಣ್ಣು. ಆರನೆಯದು, ಚಿಪ್ಸು ಬಿಸ್ಕತ್ತು ನೂಡಲ್ಸ್ ಕಳಿಸಕೂಡದು. ಏಳನೆಯದು, ಮಕ್ಕಳು ಡಬ್ಬಿಯನ್ನು ಪೂರ್ತಿ ಖಾಲಿ ಮಾಡುವಂತೆ ತಾಯಂದಿರು ನೋಡಿಕೊಳ್ಳತಕ್ಕದ್ದು. ಎಂಟನೆಯದು, ತಪ್ಪಿದಲ್ಲಿ ಡೈರಿಯಲ್ಲಿ ನಮೂದಿಸಲಾಗುವುದು. ಶಾಲೆಯಲ್ಲಿ ಒಂದು ಗಂಟೆಗೆ ತೆರೆಯುವ ಡಬ್ಬಿಯನ್ನು ಮನೆಯಲ್ಲಿರುವ ತಾಯಿ ಅದು ಹೇಗೆ ಖಾಲಿ ಮಾಡಿಸಬೇಕೋ, ಅದನ್ನು ಮಾತ್ರ ಬರೆದಿರಲಿಲ್ಲ.

ಎದುರುಮನೆಯಲ್ಲಿ ಬಟ್ಟೆ ಹೊಲಿದು ಸಂಸಾರ ನಡೆಸುವ ಹೆಣ್ಣುಮಗಳು ಅದೇ ಹಾಳೆ ಹಿಡಿದುಕೊಂಡು ಬಂದಳು. “ಅಮ್ಮಾ, ಶುಕ್ರವಾರ ಹಣ್ಣು ಅಂತ ಬರೆದಿದಾರೆ. ದಾಳಿಂಬೆ ಕೆ.ಜಿ.ಗೆ ಎಷ್ಟು ಅಂತ ಬರೆದಿಲ್ಲವಲ್ಲ” ಎಂದಳು. ಇಬ್ಬರೂ ನಕ್ಕೆವು. ನಕ್ಕ ಮೇಲೆ ಆ ಹಾಳೆಯನ್ನು ಇನ್ನೊಮ್ಮೆ ಓದಿದೆ. ನೀತಿಯೇನೋ ಒಳ್ಳೆಯದೇ. ಆದರೆ ಎಂಟಕ್ಕೆ ಎಂಟು ಸಾಲೂ ಮನೆಯ ಹೆಂಗಸಿಗೆ ಬರೆದದ್ದು. ಶಾಲೆ ತಾನೇನು ಮಾಡುತ್ತದೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಶಾಲೆಗೂ ಊಟಕ್ಕೂ ಇರುವ ನಂಟು ಇವತ್ತಿನದಲ್ಲ. ನಾನು ಪ್ರೈಮರಿ ಓದುತ್ತಿದ್ದ ಕಾಲಕ್ಕೆ ನಮ್ಮ ಹಳ್ಳಿಯ ಶಾಲೆಗೆ ಅಮೆರಿಕದ ಕೇರ್ ಸಂಸ್ಥೆಯ ಮೂಟೆಗಳು ಬರುತ್ತಿದ್ದವು. ಎರಡು ಕೈಗಳು ಕುಲುಕುವ ಚಿತ್ರವಿದ್ದ ಎಣ್ಣೆಯ ಡಬ್ಬ, ಹಳದಿ ರವೆಯ ಉಪ್ಪಿಟ್ಟು, ಹಾಲಿನ ಪುಡಿ. ಉಪ್ಪಿಟ್ಟು ಬೇಯುವ ವಾಸನೆ ಬಂದರೆ ಮಗ್ಗಿ ತಪ್ಪುತ್ತಿತ್ತು. ನನ್ನ ವಯಸ್ಸಿನ ಹೆಂಗಸರು ನಾಲ್ಕು ಜನ ಸೇರಿದರೆ ಈಗಲೂ ಆ ಉಪ್ಪಿಟ್ಟಿನ ಮಾತು ಬಾರದೆ ಇರುವುದಿಲ್ಲ. ಆಟಕ್ಕೆ ಮೈದಾನವೆಂಬುದು ಬೇರೆ ಬೇಕಾಗಿರಲಿಲ್ಲ, ಊರೆಲ್ಲ ಮೈದಾನವೇ. ಕುಂಟೆಬಿಲ್ಲೆ, ಲಗೋರಿ, ಕಣ್ಣಾಮುಚ್ಚಾಲೆ ಆಡಿ ಕತ್ತಲಾದ ಮೇಲೆ ಬೈಸಿಕೊಂಡು ಮನೆ ಸೇರುತ್ತಿದ್ದೆವು. ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಉಪ್ಪಿಟ್ಟಿಗಾಗಿಯೇ ಶಾಲೆಗೆ ಬರುತ್ತಿದ್ದ ಮಕ್ಕಳಿಗೆ ಮನೆಯಲ್ಲಿ ಏನಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು.

ಈಗ ಮೊಮ್ಮಗಳ ಶಾಲೆಗೆ ಬರೋಣ. ಅದು ಫೀಸು ಕಟ್ಟುವ ಶಾಲೆ. ಅದರ ಕಾಂಪೌಂಡಿಗೆ ತಾಗಿದಂತೆಯೇ ಸರ್ಕಾರಿ ಶಾಲೆ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳು ಅಲ್ಲಿ ಏಳನೇ ಕ್ಲಾಸು. ಒಂದು ಗಂಟೆಗೆ ಗೋಡೆಯ ಆ ಕಡೆ ಬಿಸಿ ಅನ್ನ ಸಾರಿನ ವಾಸನೆ ಏಳುತ್ತದೆ. ಈ ಕಡೆ ಬೆಳಗ್ಗೆ ಏಳಕ್ಕೆ ಕಟ್ಟಿದ ತಣ್ಣನೆಯ ಡಬ್ಬಿಗಳು ತೆರೆದುಕೊಳ್ಳುತ್ತವೆ.

ಆ ಕಡೆಯ ಬಿಸಿಯೂಟ ಸುಮ್ಮನೆ ಬಂದದ್ದಲ್ಲ. 1995ರಲ್ಲಿ ಕೇಂದ್ರದ ಯೋಜನೆ ಶುರುವಾದಾಗ ನಮ್ಮಲ್ಲಿ ಮಕ್ಕಳಿಗೆ ತಿಂಗಳಿಗೆ ಮೂರು ಕೆ.ಜಿ. ಅಕ್ಕಿ ಕೊಟ್ಟು ಕಳಿಸುತ್ತಿದ್ದರು. ಅಕ್ಕಿ ಮನೆಗೆ ಹೋದರೆ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಮಗುವಿನ ಹೊಟ್ಟೆಗೆ ಎಷ್ಟು ಸೇರಿತೆಂದು ಹೇಳುವವರು ಯಾರು? 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. 2002ರಲ್ಲಿ ಕರ್ನಾಟಕದ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅಳತೆಯೂ ನಿಗದಿಯಾಗಿದೆ. ಐದನೇ ಕ್ಲಾಸಿನವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರೆಗಿನ ಮಗುವಿಗೆ 150, 30 ಮತ್ತು 75. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2021ರ ಡಿಸೆಂಬರಿನಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿ, ಮುಂದಿನ ವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿದರು. ಮೊಟ್ಟೆ ತಿನ್ನದವರಿಗೆ ಆಗ ಬಾಳೆಹಣ್ಣು ಇಲ್ಲವೇ ಕಡಲೆ ಚಿಕ್ಕಿ ಕೊಡುತ್ತಿದ್ದರು. ಅಲ್ಲಿಯೂ ಕುಂದುಕೊರತೆ ಇದ್ದೇ ಇದೆ. ಹೊಗೆಯಲ್ಲಿ ನಿಂತು ಬೇಯಿಸುವ ಹೆಂಗಸರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಆದರೂ ಮಗುವಿನ ಹೊಟ್ಟೆ ಶಾಲೆಯ ಜವಾಬ್ದಾರಿ ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ಕಾಸು ಕೊಟ್ಟು ಓದಿಸುವ ನಮ್ಮ ಕಡೆ ಅದು ಇನ್ನೂ ತಾಯಿಯ ಜವಾಬ್ದಾರಿಯಾಗಿಯೇ ಉಳಿದಿದೆ.

ಜುಲೈ ತಿಂಗಳ ಪೋಷಕರ ಸಭೆಗೆ ಮಗ ಸೊಸೆಗೆ ರಜೆ ಸಿಗದೆ ನಾನೇ ಹೋದೆ. ಎಲ್ಲರೂ ಅಂಕದ ಮಾತು ಆಡಿ ಮುಗಿಸಿದ ಮೇಲೆ ಎದ್ದು ಕೇಳಿದೆ: “ಮೇಡಂ, ಡಬ್ಬಿ ಅರ್ಧಕ್ಕರ್ಧ ವಾಪಸು ಬರುತ್ತೆ. ಮಗುವನ್ನು ಕೇಳಿದರೆ ‘ಟೈಮಿಲ್ಲ ಅಜ್ಜಿ’ ಅಂತಾಳೆ. ಟೈಮು ಎಲ್ಲಿಗೆ ಹೋಯ್ತು?” ಹೆಡ್‌ಮೇಡಂ ಸಿಟ್ಟಾಗುವವರಲ್ಲ. “ಅಮ್ಮಾ, ಒಂದು ವಾರ ನೀವೇ ಬಂದು ನೋಡಿ. ನೋಡಿ ನಮಗೂ ಹೇಳಿ” ಎಂದರು. ಎದುರುಮನೆಯ ಹೊಲಿಗೆಯಾಕೆ, ಅಂಚೆ ಕಚೇರಿಯ ಒಬ್ಬರು, ನರ್ಸ್ ಕೆಲಸದಿಂದ ನಿವೃತ್ತರಾದ ಒಬ್ಬರು, ನಾನು – ಹೀಗೆ ನಾಲ್ಕು ಜನ ಸೇರಿ ಪಾಳಿ ಹಾಕಿಕೊಂಡು ಹೋಗಿ ನೋಡಿದೆವು.

ಊಟದ ಬೆಲ್ಲು ಒಂದು ಗಂಟೆಗೆ, ತರಗತಿಯ ಬೆಲ್ಲು ಒಂದು ಇಪ್ಪತ್ತೈದಕ್ಕೆ. ಮುನ್ನೂರು ಚಿಲ್ಲರೆ ಮಕ್ಕಳಿಗೆ ಕೈ ತೊಳೆಯಲು ಇದ್ದ ನಲ್ಲಿಗಳು ನಾಲ್ಕು. ಕೈ ತೊಳೆಯಲು ಸಾಲು ನಿಂತರೆ ಹತ್ತು ನಿಮಿಷ. ಡಬ್ಬಿ ತೊಳೆಯಲು ಇನ್ನೊಂದು ಸಾಲು. ನಡುವೆ ಉಳಿದ ಎಂಟು ಹತ್ತು ನಿಮಿಷದಲ್ಲಿ ಚಪಾತಿಯನ್ನು ಅಗಿದು ನುಂಗುವ ಮಗು ನನಗಂತೂ ಕಾಣಲಿಲ್ಲ. ಜಾಣ ಮಕ್ಕಳು ಕೈ ತೊಳೆಯುವುದನ್ನೇ ಬಿಟ್ಟಿದ್ದರು. ಇನ್ನೂ ಜಾಣರು ಊಟವನ್ನೇ ಬಿಟ್ಟು ಕ್ಯಾಂಟೀನಿಗೆ ಓಡುತ್ತಿದ್ದರು. ಅಲ್ಲಿ ಪಫ್ಸ್, ಕ್ರೀಂ ಬನ್ನು, ಬಣ್ಣಬಣ್ಣದ ಪಾನೀಯದ ಬಾಟಲಿ. ಕೈ ತೊಳೆಯಬೇಕಿಲ್ಲ, ಡಬ್ಬಿ ತೊಳೆಯಬೇಕಿಲ್ಲ, ಮೂರು ನಿಮಿಷದ ಕೆಲಸ. ಮಕ್ಕಳ ನಾಲಿಗೆ ಕೆಟ್ಟಿದೆ ಎಂದು ಬೈಯುವವರು ಆ ಗಡಿಯಾರವನ್ನೂ ಸ್ವಲ್ಪ ನೋಡಬೇಕು.

ನೀರಿನ ಬಾಟಲಿಗಳು ತುಂಬಿದಂತೆಯೇ ಮನೆಗೆ ಮರಳುವುದೇಕೆಂದು ಹುಡುಗಿಯರನ್ನು ಕೇಳಿದೆವು. ಮೊದಲು ನಕ್ಕರು, ಆಮೇಲೆ ಒಬ್ಬಳು ಹೇಳಿದಳು: “ಕುಡಿದರೆ ಹೋಗಬೇಕಾಗುತ್ತಲ್ಲ ಆಂಟಿ.” ಹೋಗಿ ನೋಡಿದರೆ ಹುಡುಗಿಯರ ಕಡೆ ಮೂರು ಶೌಚಾಲಯ, ಒಂದಕ್ಕೆ ಚಿಲಕವಿಲ್ಲ, ಒಂದರಲ್ಲಿ ನೀರಿಲ್ಲ. ಒಬ್ಬಳು ಒಳಗೆ ಹೋದರೆ ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ತಿಂಗಳ ಆ ದಿನಗಳಲ್ಲಿ ಕೆಲವರು ಶಾಲೆಗೇ ಬರುತ್ತಿರಲಿಲ್ಲ. ಬಂದವರು ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯದೆ ಕೂರುತ್ತಿದ್ದರು. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲೆಂದೇ ಒಂದು ಗಂಟೆ ಬಾರಿಸಲು ಶುರುಮಾಡಿದ್ದನ್ನು ಓದಿದ್ದೆ. ಒಳ್ಳೆಯ ಪದ್ಧತಿ. ಆದರೆ ಬಾಗಿಲಿಗೆ ಚಿಲಕ ಹಾಕದೆ ನೀರಿನ ಗಂಟೆ ಬಾರಿಸಿದರೆ ಹೆಣ್ಣುಮಕ್ಕಳ ಕಿವಿಗೆ ಅದು ಬೀಳುತ್ತದೆಯೆ?

ಇನ್ನು ಆಟ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ಅರವತ್ತು ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾರಕ್ಕೆ 420 ನಿಮಿಷವಾಯಿತು. ಮೊಮ್ಮಗಳ ವೇಳಾಪಟ್ಟಿಯಲ್ಲಿ ಪಿ.ಟಿ. ಪೀರಿಯಡ್ಡು ಎರಡು, ತಲಾ ನಲವತ್ತು ನಿಮಿಷ. ಈ ಎಂಬತ್ತರಲ್ಲೂ ನಲವತ್ತನ್ನು, ಯೂನಿಟ್ ಟೆಸ್ಟ್ ಹತ್ತಿರ ಬಂತೆಂದು ಗಣಿತದ ಮೇಷ್ಟ್ರು ಸಾಲ ಪಡೆದಿದ್ದರು. ಪಿ.ಟಿ. ಮೇಷ್ಟ್ರು ಆಫೀಸಿನಲ್ಲಿ ಕೂತು ಅಂಕಪಟ್ಟಿಗೆ ಗೆರೆ ಹೊಡೆಯುತ್ತಿದ್ದರು. ಮಿಕ್ಕ ನಲವತ್ತರಲ್ಲಿ ಮೈದಾನದ ನಡುವೆ ಹುಡುಗರ ಕ್ರಿಕೆಟ್ಟು, ಮೈದಾನದ ಅಂಚಿನಲ್ಲಿ ವ್ಯಾನುಗಳು, ಬೇವಿನ ಮರದ ಕೆಳಗೆ ನಿಂತ ಹುಡುಗಿಯರು. ಹೊರಗಿನಿಂದ ನೋಡಿದರೆ ಅವರು ಹರಟೆ ಹೊಡೆಯುತ್ತಿದ್ದಾರೆ ಎನ್ನಿಸುತ್ತದೆ. ನಿಜಕ್ಕೂ ಅವರಿಗೆ ನಿಲ್ಲಲು ಬೇರೆ ಜಾಗವಿರಲಿಲ್ಲ.

ಇದೇ ವಾರದಲ್ಲಿ ನಡೆದದ್ದು ಎಲ್ಲರನ್ನೂ ತಟ್ಟಿತು. ಶನಿವಾರ ಬೆಳಗಿನ ಸಾಮೂಹಿಕ ಕವಾಯತಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಣ್ಣು ಕತ್ತಲೆ ಬಂದು ಕುಸಿದಳು. ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 8.6, ಆ ವಯಸ್ಸಿಗೆ 12 ಗ್ರಾಂ ಇರಬೇಕು. ಅವಳಮ್ಮ ಅಂಗನವಾಡಿ ಸಹಾಯಕಿ. ಊರಿನ ಮಕ್ಕಳಿಗೆಲ್ಲ ಪೌಷ್ಟಿಕ ಆಹಾರ ಬಡಿಸುವಾಕೆ ಬೆಂಚಿನ ಮೇಲೆ ಕೂತು, “ದಿನಾ ಡಬ್ಬಿ ಕಟ್ತೀನಿ ಅಕ್ಕಾ, ದಿನಾ ಕಟ್ತೀನಿ” ಎಂದು ಅಳುತ್ತಿದ್ದಳಂತೆ. ಯಾರೂ ಅವಳನ್ನು ಏನೂ ಅಂದಿರಲಿಲ್ಲ. ಆದರೂ ಮಗು ಬಿದ್ದರೆ ಮೊದಲು ಸಾಕ್ಷಿಕಟ್ಟೆ ಹತ್ತುವವಳು ತಾಯಿಯೇ.

ನಮ್ಮೊಂದಿಗಿದ್ದ ನರ್ಸಮ್ಮ ವಿವರಿಸಿ ಹೇಳಿದರು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮವಿದೆ. ನಮ್ಮಂಥ ಶಾಲೆಗಳು ಅದರೊಳಗೆ ಬರುವುದಿಲ್ಲ. ಮಾತ್ರೆಯಲ್ಲದೆ ಸೊಪ್ಪು, ರಾಗಿ, ಹುರುಳಿಕಾಳಿನಲ್ಲೂ ಕಬ್ಬಿಣಾಂಶವಿದೆ, ಆದರೆ ಮೈಗೆ ಹತ್ತುವುದು ಕಡಿಮೆ. ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಸೀಬೆಹಣ್ಣೋ ಇದ್ದರೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೆ ಟೀ ಕುಡಿದರೆ ಹತ್ತುವುದೂ ತಪ್ಪುತ್ತದೆ. ಇಷ್ಟು ಹೇಳಿ ಅವರು ಗೇಟಿನ ಕಡೆ ಕೈ ತೋರಿದರು. ಅಲ್ಲಿ ಹಣ್ಣಿನಜ್ಜಿ ಕೂತಿದ್ದಳು.

ಹಣ್ಣಿನಜ್ಜಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಗೋಣಿತಟ್ಟಿನ ಮೇಲೆ ನೆಲ್ಲಿಕಾಯಿ, ಸೀಬೆ, ಬೇಯಿಸಿದ ಕಡಲೇಕಾಯಿ ಹರಡಿಕೊಂಡು ಶಾಲೆ ಶುರುವಾದಾಗಿನಿಂದ ಅಲ್ಲಿರುವವಳು. ಆಡಳಿತ ಮಂಡಳಿಯವರು ಮೊದಲು ಎತ್ತಂಗಡಿ ಮಾಡಲು ಹೊರಟದ್ದು ಅವಳನ್ನೇ. ಅದಕ್ಕೊಂದು ಕಾನೂನಿನ ಆಧಾರವೂ ಅವರ ಬಳಿ ಇತ್ತು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ಹೊರಡಿಸಿ 2021ರ ಜುಲೈ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಶಾಲೆಯ ಗೇಟಿನಿಂದ ಐವತ್ತು ಮೀಟರ್ ಒಳಗೆ ಕೆಲವು ತಿನಿಸುಗಳನ್ನು ಮಾರುವಂತಿಲ್ಲ. ಯಾವ ತಿನಿಸು? ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾಗಿರುವಂಥವು. ಗೇಟಿನ ಹೊರಗೆ ಐವತ್ತು ಮೀಟರ್ ಅಳೆಯುವ ನಿಯಮ ಗೇಟಿನ ಒಳಗಿನ ಕ್ಯಾಂಟೀನಿಗೂ ಅನ್ವಯಿಸುತ್ತದೆ. ಅಂಚೆ ಕಚೇರಿಯವರು ನಿಯಮದ ಪ್ರತಿಯನ್ನು ಮುದ್ರಿಸಿ ತಂದು ಓದಿದಾಗ ಸಭೆ ಸ್ವಲ್ಪ ಹೊತ್ತು ಮೌನವಾಯಿತು. ನಿಯಮ ಬೇಡವೆಂದದ್ದು ಕ್ಯಾಂಟೀನಿನ ಪಫ್ಸನ್ನು, ಅಜ್ಜಿಯ ನೆಲ್ಲಿಕಾಯಿಯನ್ನಲ್ಲ. ಆದರೆ ಕ್ಯಾಂಟೀನಿನಿಂದ ಬಾಡಿಗೆ ಬರುತ್ತದೆ, ಅಜ್ಜಿಯಿಂದ ಏನೂ ಬರುವುದಿಲ್ಲ.

“ಆ ಬಾಡಿಗೆಯಲ್ಲೇ ಸ್ಕೂಲ್ ಡೇ ಮಾಡೋದು ಕಣ್ರೀ” ಎಂದು ಕಾರ್ಯದರ್ಶಿಗಳು ಅಂದರು. ಅವರದೂ ಸುಳ್ಳಲ್ಲ. ಫೀಸು ಏರಿಸಿದರೆ ನಾವೇ ಕೂಗಾಡುವವರು. ವಾದ ಎರಡು ಸಭೆಗೆ ಹಿಗ್ಗಿತು. ಕಡೆಗೆ ಕ್ಯಾಂಟೀನಿನವನ ಗುತ್ತಿಗೆ ಮಾರ್ಚಿಗೆ ಮುಗಿಯುವವರೆಗೆ ಬಾಟಲಿ ಪಾನೀಯವನ್ನೂ ಕ್ರೀಂ ಬನ್ನನ್ನೂ ನಿಲ್ಲಿಸುವುದು, ಮುಂದಿನ ಗುತ್ತಿಗೆಯಲ್ಲಿ ಇಡ್ಲಿ, ಅವಲಕ್ಕಿ, ಮಜ್ಜಿಗೆ, ಕಡಲೇಕಾಯಿ ಮಿಠಾಯಿಯಂಥವು ಮಾತ್ರ ಎಂದು ಬರೆಯುವುದು ಎಂದಾಯಿತು. ಅಜ್ಜಿ ಉಳಿದಳು. ಅವಳಿಗೆ ಒಂದು ಮುಚ್ಚಳವಿರುವ ಬುಟ್ಟಿ, ಕೈ ತೊಳೆಯಲು ಒಂದು ಕೊಡ ನೀರು ಕೊಡಿಸಿದೆವು. “ನಲವತ್ತು ವರ್ಷದಿಂದ ಕೈ ತೊಳ್ಕಂಡೇ ಮಾರ್ತಿದೀನವ್ವ” ಎಂದು ಅವಳು ಸ್ವಲ್ಪ ಮುನಿಸಿಕೊಂಡೇ ಬುಟ್ಟಿ ಇಸಿದುಕೊಂಡಳು.

ಆಮೇಲೆ ಹೊಸ ಹಾಳೆ ಬರೆಯಲು ಕೂತೆವು. ಮೊದಲು ಶಾಲೆಯ ಪಾಲಿನದು. ಊಟಕ್ಕೆ ನಲವತ್ತು ನಿಮಿಷ. ನಲ್ಲಿ ನಾಲ್ಕರ ಬದಲು ಹತ್ತು. ಎಲ್ಲ ಶೌಚಾಲಯಕ್ಕೂ ಚಿಲಕ, ನೀರು, ಮುಚ್ಚಳವಿರುವ ಬುಟ್ಟಿ. ಅದನ್ನು ದಿನಾ ನೋಡುವವರು ಯಾರೆಂದು ಹೆಸರು ಹಿಡಿದು ಬರೆಯಬೇಕು. ಪಿ.ಟಿ. ಪೀರಿಯಡ್ಡನ್ನು ಯಾರಿಗೂ ಸಾಲ ಕೊಡಕೂಡದು, ತಪ್ಪು ಮಾಡಿದ ಮಗುವಿಗೆ ಶಿಕ್ಷೆಯೆಂದು ಆಟ ಕಿತ್ತುಕೊಳ್ಳಕೂಡದು. ವಾರದಲ್ಲಿ ಮೂರು ದಿನ ಊಟದ ನಂತರ ಮೈದಾನ ಹುಡುಗಿಯರಿಗೆ: ಖೋಖೋ, ಥ್ರೋಬಾಲ್, ಏನು ಬೇಕಾದರೂ. ವ್ಯಾನುಗಳು ಹೊರಗೆ. ಹುಟ್ಟುಹಬ್ಬಕ್ಕೆ ಚಾಕಲೇಟು ಹಂಚುವ ಬದಲು ಶಾಲೆಯ ಲೈಬ್ರರಿಗೊಂದು ಪುಸ್ತಕ. ಮಕ್ಕಳ ತೂಕವನ್ನು ತರಗತಿಯಲ್ಲಿ ಎಲ್ಲರೆದುರು ಓದಿ ಹೇಳಕೂಡದು.

ಒಂದು ಸಾಲಿಗೆ ಮಾತ್ರ ಬಹಳ ಚರ್ಚೆಯಾಯಿತು: ಯಾರ ಡಬ್ಬಿಯಲ್ಲಿ ಏನಿದೆಯೆಂದು ಶಿಕ್ಷಕರು ತೆರೆದು ನೋಡಿ ಟೀಕೆ ಮಾಡಕೂಡದು. ಡಬ್ಬಿಯೊಳಗೆ ಮನೆಯ ಜಾತಿ, ಬಡತನ, ಊರು ಎಲ್ಲ ಇರುತ್ತದೆ. ಮೊಟ್ಟೆ ತಂದ ಮಗು ಮೂಲೆ ಸೇರುವುದು, ರಾತ್ರಿಯ ಮುದ್ದೆ ತಂದ ಮಗು ಮುಚ್ಚಳ ಅಡ್ಡ ಹಿಡಿದು ತಿನ್ನುವುದು, ಇವನ್ನು ನಾವು ಆ ವಾರ ಕಣ್ಣಾರೆ ಕಂಡಿದ್ದೆವು. ನಾಚಿಕೊಂಡು ತಿಂದ ಅನ್ನ ಮೈಗೆ ಹತ್ತುತ್ತದೆಯೆ? ಕಡೆಗೆ ಆ ಸಾಲೂ ಸೇರಿತು.

ಮನೆಯವರಿಗೆ ಎರಡೇ ಸಾಲು ಬರೆದೆವು. ಮಗು ಬೆಳಗ್ಗೆ ಏನಾದರೂ ತಿಂದೇ ಹೊರಡಲಿ. ಡಬ್ಬಿಯಲ್ಲಿ ಮನೆಯಲ್ಲಿ ಏನಿದೆಯೋ ಅದೇ ಇರಲಿ, ವಾರದಲ್ಲಿ ಕೆಲವು ದಿನ ಕಾಳೋ ಸೊಪ್ಪೋ ಸೇರಲಿ. ದಾಳಿಂಬೆಯ ಕಾಟ ತಪ್ಪಿತು ಎಂದು ಹೊಲಿಗೆಯಾಕೆ ಚಪ್ಪಾಳೆ ತಟ್ಟಿದಳು.

ಇಂಥ ಹಾಳೆ ನಮ್ಮ ಊರಿನ ಹೊಸ ಶೋಧವೇನಲ್ಲ. ಅಮೆರಿಕದಲ್ಲಿ ಸರ್ಕಾರದ ಊಟದ ಯೋಜನೆಯಲ್ಲಿರುವ ಶಾಲೆಗಳೆಲ್ಲ ಊಟ ಮತ್ತು ವ್ಯಾಯಾಮದ ಬಗ್ಗೆ ತಮ್ಮದೇ ಒಂದು ನೀತಿ ಬರೆದುಕೊಳ್ಳಬೇಕೆಂದು 2004ರಲ್ಲೇ ಕಾಯಿದೆ ಮಾಡಿದರು. 2010ರ ಇನ್ನೊಂದು ಕಾಯಿದೆಯಲ್ಲಿ, ಬರೆದದ್ದು ಎಷ್ಟು ನಡೆದಿದೆಯೆಂದು ಆಗಾಗ ಅಳೆದು ಊರಿನವರಿಗೆ ತಿಳಿಸಬೇಕೆಂದೂ ಸೇರಿಸಿದರು. ಬರೆದದ್ದೆಲ್ಲ ನಡೆಯುವುದಿಲ್ಲ ಎಂಬುದು ಅಲ್ಲಿಯವರಿಗೂ ಗೊತ್ತು. ನಾವೂ ಕೊನೆಯ ಸಾಲಾಗಿ ಅದನ್ನೇ ಬರೆದೆವು: ಪ್ರತಿ ಪೋಷಕರ ಸಭೆಯಲ್ಲಿ ಅಂಕಪಟ್ಟಿ ಕೊಡುವ ಮೊದಲು ಈ ಹಾಳೆಯನ್ನು ಗಟ್ಟಿಯಾಗಿ ಓದಿ, ಯಾವ ಸಾಲು ನಡೆದಿದೆ, ಯಾವುದು ನಡೆದಿಲ್ಲ ಎಂದು ಹೇಳಬೇಕು.

ಒಂದು ವರ್ಷದ ಲೆಕ್ಕ ಒಪ್ಪಿಸುತ್ತೇನೆ. ಊಟದ ಹೊತ್ತು ನಲವತ್ತಾಗಲಿಲ್ಲ, ಮೂವತ್ತೈದಾಯಿತು. ನಲ್ಲಿ ಎಂಟಾದವು. ಚಿಲಕಗಳು ಬಂದವು, ನೀರು ಬೇಸಿಗೆಯಲ್ಲಿ ಮತ್ತೆ ಕೈಕೊಟ್ಟಿತು. ಶೌಚಾಲಯ ತೊಳೆಯುವಾಕೆಗೆ ಕೆಲಸ ಹೆಚ್ಚಾಯಿತು, ಸಂಬಳ ಹೆಚ್ಚಲಿಲ್ಲ ಎಂದು ಡಿಸೆಂಬರಿನ ಸಭೆಯಲ್ಲಿ ಜಗಳವಾಡಿ ಅದನ್ನೂ ಸರಿಪಡಿಸಬೇಕಾಯಿತು. ಜನವರಿಯಲ್ಲಿ ಗಣಿತದ ಮೇಷ್ಟ್ರು ಪಿ.ಟಿ. ಪೀರಿಯಡ್ಡಿಗೆ ಮತ್ತೆ ಸೀಮೆಸುಣ್ಣ ಹಿಡಿದು ಬಂದರು. ಆಗ ಎಂಟನೇ ಕ್ಲಾಸಿನ ಮಕ್ಕಳು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ತೋರಿಸಿ, “ಸಾರ್, ಸಾಲ ಇಲ್ಲ” ಎಂದರಂತೆ. ಅವರು ಗೊಣಗಿಕೊಂಡೇ ವಾಪಸಾದರು. 2025ರಲ್ಲಿ ಸಿ.ಬಿ.ಎಸ್.ಇ. ತನ್ನ ಶಾಲೆಗಳಲ್ಲಿ ಸಕ್ಕರೆಯ ಫಲಕ ಹಾಕಲು ಹೇಳಿದ ಸುದ್ದಿ ಓದಿ, ನಮ್ಮದು ಆ ಮಂಡಳಿಯ ಶಾಲೆ ಅಲ್ಲದಿದ್ದರೂ, ವಿಜ್ಞಾನದ ಟೀಚರು ಮಕ್ಕಳಿಂದಲೇ ಒಂದು ಫಲಕ ಮಾಡಿಸಿದ್ದಾರೆ. ಬಾಟಲಿಯ ಚೀಟಿಯಲ್ಲಿ ನೂರು ಮಿಲಿಲೀಟರಿಗೆ ಹತ್ತು ಗ್ರಾಂ ಸಕ್ಕರೆ ಎಂದಿದ್ದರೆ 250ರ ಬಾಟಲಿಯಲ್ಲಿ ಎಷ್ಟು ಎಂದು ಲೆಕ್ಕ ಮಾಡಿ, ಅಷ್ಟು ಸಕ್ಕರೆಯನ್ನು ಪೊಟ್ಟಣ ಕಟ್ಟಿ ಅಂಟಿಸಿದ್ದಾರೆ. ಇಪ್ಪತ್ತೈದು ಗ್ರಾಂ, ಅಂದರೆ ಐದಾರು ಚಮಚ. ಗಣಿತದ ಮೇಷ್ಟ್ರಿಗೂ ಇದು ಇಷ್ಟವಾಯಿತು.

ಬಿದ್ದ ಹುಡುಗಿಯ ಹಿಮೋಗ್ಲೋಬಿನ್ ಮಾತ್ರೆಯಿಂದಲೂ ಕೂತು ತಿಂದ ಊಟದಿಂದಲೂ ಆರು ತಿಂಗಳಿಗೆ 11ಕ್ಕೆ ಬಂತು. ಈಗ ಅವಳು ಖೋಖೋ ತಂಡದಲ್ಲಿದ್ದಾಳೆ. ತಾಲ್ಲೂಕು ಮಟ್ಟದಲ್ಲಿ ಮೊದಲನೇ ಸುತ್ತಿನಲ್ಲೇ ಸೋತು ಬಂದರು. ಆದರೆ ಆಡಿ ಸೋತರು.

ಇದನ್ನೆಲ್ಲ ಬರೆದದ್ದು ನಮ್ಮ ನಾಲ್ಕು ಜನರ ಹೆಚ್ಚುಗಾರಿಕೆ ಹೇಳಿಕೊಳ್ಳಲಿಕ್ಕಲ್ಲ. ನಿಮ್ಮ ಮಕ್ಕಳ ಡೈರಿಯಲ್ಲೂ ಇಂಥ ಹಾಳೆ ಬಂದೀತು. ಬಂದಾಗ ಸಹಿ ಹಾಕುವ ಮೊದಲು ಅದರಲ್ಲಿ ಶಾಲೆಗೆ ಎಷ್ಟು ಸಾಲು, ನಿಮಗೆ ಎಷ್ಟು ಸಾಲು ಎಂದು ಎಣಿಸಿ ನೋಡಿ. ಆಮೇಲೆ ಮುಂದಿನ ಸಭೆಯಲ್ಲಿ, ಗಣಿತದಲ್ಲಿ ಎಷ್ಟು ಬಂತು ಎಂದು ಕೇಳುವುದಕ್ಕಿಂತ ಮುಂಚೆ, ಊಟದ ಬೆಲ್ಲಿಗೂ ತರಗತಿಯ ಬೆಲ್ಲಿಗೂ ನಡುವೆ ಎಷ್ಟು ನಿಮಿಷ, ನಲ್ಲಿ ಎಷ್ಟು, ಬಾಗಿಲಿಗೆ ಚಿಲಕ ಇದೆಯೆ, ಹೋದ ವಾರ ಪಿ.ಟಿ. ಪೀರಿಯಡ್ಡು ನಡೆಯಿತೆ ಎಂದು ಕೇಳಿ. ಕೇಳಲು ಓದು ಬೇಕಿಲ್ಲ, ಅಧಿಕಾರ ಬೇಕಿಲ್ಲ. ಪಕ್ಕದಲ್ಲಿ ಇನ್ನೊಬ್ಬಾಕೆ ಎದ್ದು ನಿಂತರೆ ಸಾಕು.